ಕಲಿಸುವವರ ಕಣ್ಣು

ಸಂಘಸಂಸ್ಥೆಗಳ ಸಭಾಂಗಣಗಳಲ್ಲಿ ಬೆಳಗಿನ ಹೊತ್ತು ಯೋಗಾಸನದ ವರ್ಗ, ಸಂಜೆ ಮಕ್ಕಳಿಗೆ ಬ್ಯಾಡ್ಮಿಂಟನ್ ಇಲ್ಲವೆ ಚದುರಂಗದ ವರ್ಗ ನಡೆಯುವುದು ಇಂದು ಮಹಾನಗರದಲ್ಲಿ ಸಾಮಾನ್ಯ ಸಂಗತಿ. ಊರು ಬಿಟ್ಟು ಬಂದ ಕನ್ನಡಿಗರಿಗೆ ಇಂತಹ ವರ್ಗಗಳು ಆರೋಗ್ಯದ ಜೊತೆಗೆ ನಾಲ್ಕು ಜನರ ಸಹವಾಸವನ್ನೂ ಒದಗಿಸುತ್ತವೆ. ಅದು ಸಂತೋಷದ ವಿಷಯವೇ. ಆದರೆ ಈ ವರ್ಗಗಳನ್ನು ನಡೆಸುವವರು ಯಾರು, ಅವರು ಏನನ್ನು ಕಲಿತು ಕಲಿಸಲು ನಿಂತಿದ್ದಾರೆ ಎಂದು ಕೇಳುವವರು ಕಡಿಮೆ. ಮನೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಹತ್ತು ಕಡೆ ವಿಚಾರಿಸುವ ಗೃಹಸ್ಥರು ತಮ್ಮ ಕುತ್ತಿಗೆಯ ಎಲುಬನ್ನೂ ಮೊಣಕಾಲಿನ ಕೀಲನ್ನೂ ಅಪರಿಚಿತರೊಬ್ಬರ ಕೈಗೆ ಒಪ್ಪಿಸುವಾಗ ಮಾತ್ರ ಏನನ್ನೂ ವಿಚಾರಿಸುವುದಿಲ್ಲ. ‘ಅವರು ಬಹಳ ಚೆನ್ನಾಗಿ ಆಸನ ಹಾಕುತ್ತಾರೆ’ ಎಂಬ ಒಂದು ಮಾತು ಸಾಕಾಗಿಬಿಡುತ್ತದೆ. ಆಸನ ಹಾಕುವುದು ಒಂದು ವಿದ್ಯೆ. ಹಾಕಿಸುವುದು ಬೇರೆಯೇ ಒಂದು ವಿದ್ಯೆ. ಮೊದಲನೆಯದು ಇದ್ದವರಿಗೆಲ್ಲ ಎರಡನೆಯದೂ ಬರುತ್ತದೆಂದು ತಿಳಿಯುವುದರಿಂದಲೇ ಎಷ್ಟೋ ಮೊಣಕಾಲುಗಳು ಕೆಟ್ಟಿವೆ.

‘ಕೋಚ್’ ಎಂಬ ಶಬ್ದ ಈಗ ಎಲ್ಲರ ಬಾಯಲ್ಲೂ ಇದೆ. ಆಟಕ್ಕೊಬ್ಬ ಕೋಚ್, ಪರೀಕ್ಷೆಗೊಬ್ಬ ಕೋಚ್. ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರುಗಳಿಗೂ ಒಬ್ಬ ಕೋಚ್. ಈ ಶಬ್ದದ ಮೂಲ ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿದೆ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಬಂತು. ನಮ್ಮ ಹಿರಿಯರು ಹೇಳುತ್ತಿದ್ದ ‘ಕೋಚುಗಾಡಿ’ಯೂ ಅದೇ. 1830ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ಆಚೆದಡಕ್ಕೆ ಮುಟ್ಟಿಸುವ ಅಧ್ಯಾಪಕರನ್ನು ತಮಾಷೆಗಾಗಿ ಈ ಹೆಸರಿನಿಂದ ಕರೆಯತೊಡಗಿದರು. ಗಾಡಿ ಹೋಗಬೇಕಾದದ್ದು ಕುಳಿತವರ ಊರಿಗೆ, ಗಾಡಿಯ ಊರಿಗಲ್ಲ ಎಂಬ ಅರ್ಥ ಈ ತಮಾಷೆಯಲ್ಲಿ ಅಡಗಿದೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗರಡಿಮನೆಯ ವಸ್ತಾದನನ್ನು ಅವರು ಕಂಡವರು. ತನ್ನ ಕುಸ್ತಿಯ ದಿನಗಳು ಮುಗಿದ ಮೇಲೆಯೇ ವಸ್ತಾದನ ನಿಜವಾದ ಕೆಲಸ ಆರಂಭವಾಗುತ್ತಿತ್ತು.

ಆದರೂ ಕಲಿಸುವವರಿಗೆ ನಮ್ಮ ದೇಶ ಕೊಟ್ಟ ಸ್ಥಾನ ಸ್ವಲ್ಪ ತಡವಾಗಿಯೇ ಬಂದಿತು. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಆರಂಭವಾದರೆ, ಅವರನ್ನು ತಯಾರು ಮಾಡಿದವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಇಪ್ಪತ್ತನಾಲ್ಕು ವರ್ಷ ಶಿಷ್ಯರಿಗೆ ಮಾತ್ರ ಹಾರ. (ಹೆಬ್ಬೆರಳನ್ನು ಕೇಳಿದ ಆಚಾರ್ಯರ ಹೆಸರೇ ಈ ಪ್ರಶಸ್ತಿಗೆ ಏಕೆ ಬೇಕಾಯಿತೆಂದು ಏಕಲವ್ಯನ ಪರವಾಗಿ ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.)

ಕಲಿಸುವ ವಿದ್ಯೆಯನ್ನು ಒಂದು ವೃತ್ತಿಯ ಮಟ್ಟಕ್ಕೆ ಏರಿಸಿದವರ ನಿದರ್ಶನ ಹುಡುಕಿಕೊಂಡು ಪುಣೆಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಶಿವಾಜಿನಗರದ ಮಾಡೆಲ್ ಕಾಲೊನಿಯಲ್ಲಿ, ಹರೇಕೃಷ್ಣ ಮಂದಿರದ ರಸ್ತೆಯಲ್ಲಿ, ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯ ಕಟ್ಟಡವಿದೆ. ಜಪಾನಿನಿಂದ, ಅಮೆರಿಕದಿಂದ, ಇಟಲಿಯಿಂದ ಜನ ಇದನ್ನು ಹುಡುಕಿಕೊಂಡು ಬರುತ್ತಾರೆ. ಪಕ್ಕದ ರಸ್ತೆಯಲ್ಲಿ ವಾಸಿಸುವ ನಮ್ಮವರಲ್ಲಿ ಎಷ್ಟೋ ಜನರಿಗೆ ಇದನ್ನು ಕಟ್ಟಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನವರೆಂಬುದು ತಿಳಿದಿರುವುದಿಲ್ಲ.

ಬಿ. ಕೆ. ಎಸ್. ಅಯ್ಯಂಗಾರರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿ ನಾಡನ್ನೆಲ್ಲ ಬಾಧಿಸುತ್ತಿದ್ದ ಕಾಲದಲ್ಲಿ. ತಂದೆ ಶಾಲಾ ಉಪಾಧ್ಯಾಯರು. ಹುಡುಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಎಲ್ಲವೂ ಆ ಬಡಕಲು ಶರೀರವನ್ನು ಹಾದುಹೋದವು. 1934ರಲ್ಲಿ ಭಾವನವರಾದ ಟಿ. ಕೃಷ್ಣಮಾಚಾರ್ಯರು ಮೈಸೂರಿಗೆ ಕರೆಸಿಕೊಂಡರು. ಆಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದರು. ಈ ರೋಗಿಷ್ಠ ಹುಡುಗನಿಗೆ ಯೋಗ ಹಿಡಿಯುವುದೆಂಬ ನಂಬಿಕೆ ಅವರಿಗೂ ಇರಲಿಲ್ಲ. ಅವರ ನೆಚ್ಚಿನ ಶಿಷ್ಯ ಕೇಶವಮೂರ್ತಿ ಒಂದು ದಿನ ಮನೆ ಬಿಟ್ಟು ಓಡಿಹೋದುದರಿಂದ, ಬೇರೆ ದಾರಿಯಿಲ್ಲದೆ ಇವರ ಕಡೆಗೆ ದೃಷ್ಟಿ ಹರಿಯಿತು. ಮುಂದೆ ಗಣ್ಯ ಅತಿಥಿಯೊಬ್ಬರ ಎದುರಿನಲ್ಲಿ, ಒಮ್ಮೆಯೂ ಅಭ್ಯಾಸ ಮಾಡದಿದ್ದ ಹನುಮಾನಾಸನವನ್ನು ಗುರುಗಳ ಆಜ್ಞೆಯಂತೆ ಹಾಕಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿಯಿತೆಂದೂ ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲವೆಂದೂ ಅಯ್ಯಂಗಾರರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಒಂದು ಪ್ರಸಂಗದಲ್ಲಿ ಪ್ರದರ್ಶನಕ್ಕೂ ಶಿಕ್ಷಣಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ. ಪ್ರದರ್ಶನಕ್ಕೆ ಬೇಕಾದದ್ದು ನೋಡುವವರ ಚಪ್ಪಾಳೆ. ಅದಕ್ಕಾಗಿ ಸ್ನಾಯು ಹರಿದರೂ ಆ ಗಳಿಗೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಹರಿದ ಸ್ನಾಯುವಿನ ನೋವನ್ನು ವರ್ಷಗಟ್ಟಲೆ ಹೊತ್ತವರಿಗೆ ಮಾತ್ರ ಇನ್ನೊಬ್ಬರ ತೊಡೆಯಲ್ಲಿ ಅದೇ ಸ್ನಾಯು ಎಲ್ಲಿಯವರೆಗೆ ಬಂದೀತು, ಎಲ್ಲಿ ನಿಂತೀತು ಎಂಬುದನ್ನು ನೋಡುವ ಕಣ್ಣು ಬರುತ್ತದೆಂದರೆ ಅತಿಶಯೋಕ್ತಿಯಾಗದು.

ಪುಣೆಗೆ ಅವರು ಬಂದ ಬಗೆಯೂ ಸ್ವಾರಸ್ಯವಾಗಿದೆ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಧಾರವಾಡ, ಬೆಳಗಾವಿಗಳ ಕಡೆ ಸಂಚರಿಸಿದರು. ಧಾರವಾಡದಲ್ಲಿ ಕೆಲವು ಮಹಿಳೆಯರು ಯೋಗ ಕಲಿಯಲು ಬಯಸಿದಾಗ, ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕೆ ಈ ಹುಡುಗನನ್ನೇ ಕಲಿಸಲು ನಿಯಮಿಸಲಾಯಿತು. ಅವರ ಅಧ್ಯಾಪನದ ಮೊದಲ ಪಾಠ ನಡೆದದ್ದು ಹೀಗೆ ಕನ್ನಡದ ನೆಲದಲ್ಲಿಯೇ. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಈ ತಂಡದ ಪ್ರಾತ್ಯಕ್ಷಿಕೆಯನ್ನು ಕಂಡಿದ್ದರು. ನಿವೃತ್ತರಾಗಿ ಪುಣೆಗೆ ಬಂದ ಮೇಲೆ, ಡೆಕ್ಕನ್ ಜಿಮಖಾನಾದಲ್ಲಿ ಆರು ತಿಂಗಳು ಕಲಿಸಲು ಒಬ್ಬರನ್ನು ಕಳುಹಿಸಬೇಕೆಂದು ಕೇಳಿಸಿದರು. 1937ರಲ್ಲಿ ಅಯ್ಯಂಗಾರರು ಬಂದರು, ವಯಸ್ಸು ಹದಿನೆಂಟು. ಆರು ತಿಂಗಳಿಗೆಂದು ಬಂದವರು ಪುಣೆಯಲ್ಲಿಯೇ ನೆಲೆಸಿ, 2014ರ ಆಗಸ್ಟ್ 20ರಂದು ಇಲ್ಲಿಯೇ ಕಣ್ಣುಮುಚ್ಚಿದರು.

ಆ ಮೊದಲ ವರ್ಷಗಳನ್ನು ಈಗಿನ ತರುಣ ಶಿಕ್ಷಕರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಮೆಟ್ರಿಕ್ಯುಲೇಷನ್ನಿನಲ್ಲಿ ಇಂಗ್ಲಿಷಿನಲ್ಲಿ ನಪಾಸಾದ ಹುಡುಗ. ಮರಾಠಿ ಬಾರದು. ತಲೆಯ ಮೇಲೆ ಶಿಖೆ. ಎದುರಿಗೆ ನಿಂತವರು ಕಾಲೇಜಿನ ವಿದ್ಯಾರ್ಥಿಗಳು, ವಯಸ್ಸಿನಲ್ಲಿ ದೊಡ್ಡವರು, ವ್ಯಾಯಾಮದಿಂದ ಗಟ್ಟಿಯಾದ ಮೈಯವರು. ಅವರ ಹಾಸ್ಯಕ್ಕೆ ಉತ್ತರ ಕೊಡಲು ಭಾಷೆಯಿಲ್ಲ, ಶರೀರದಲ್ಲಿ ಶಕ್ತಿಯೂ ಇಲ್ಲ. ಗುರುಗಳು ದೂರದ ಮೈಸೂರಿನಲ್ಲಿ. ಸಂದೇಹ ಬಂದರೆ ಕೇಳುವವರಿಲ್ಲ. ಹೀಗಾಗಿ ಅವರು ದಿನಕ್ಕೆ ಅನೇಕ ಗಂಟೆಗಳ ಕಾಲ ತಮ್ಮ ಶರೀರವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು; ಉಳಿದ ವೇಳೆಯಲ್ಲಿ ಶಿಷ್ಯರ ಶರೀರವನ್ನು ಓದಿದರು. ಭಾಷೆ ಬಾರದವರಿಗೆ ಕಣ್ಣೇ ಗತಿಯೆಂಬುದನ್ನು ಹೊಸ ಊರಿಗೆ ಬಂದು ಮೂಕರಾಗಿ ನಿಂತ ಪ್ರತಿಯೊಬ್ಬ ವಲಸಿಗರೂ ಬಲ್ಲರು. ಅಯ್ಯಂಗಾರರ ವಿಷಯದಲ್ಲಿ ಆ ಕೊರತೆಯೇ ವೃತ್ತಿಯ ಬಂಡವಾಳವಾಯಿತು.

ಅವರು ವಾದ್ಯ ನುಡಿಸಿದವರಲ್ಲ. ಆದರೂ 1952ರಲ್ಲಿ ಮುಂಬಯಿಯಲ್ಲಿ ಅವರನ್ನು ಭೇಟಿಯಾದ ವಿಶ್ವವಿಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್, ಮುಂದೆ ಒಂದು ಕೈಗಡಿಯಾರವನ್ನು ಉಡುಗೊರೆಯಾಗಿ ಕೊಟ್ಟು, ತಮ್ಮ ಅತ್ಯುತ್ತಮ ಪಿಟೀಲು ಗುರು ಇವರೆಂದು ಅದರ ಹಿಂದೆ ಕೆತ್ತಿಸಿದರು. ಪಿಟೀಲು ಹಿಡಿದ ಭುಜ ಎಲ್ಲಿ ಬಿಗಿದುಕೊಂಡಿದೆ, ಉಸಿರು ಎಲ್ಲಿ ತಡೆಯುತ್ತಿದೆ ಎಂಬುದನ್ನು ಕಂಡುಹಿಡಿಯಲು ಪಿಟೀಲು ಬರಬೇಕಾಗಿರಲಿಲ್ಲ. ಬೆಲ್ಜಿಯಮ್ಮಿನ ರಾಜಮಾತೆ ಎಲಿಜಬೆತ್ ಅವರಿಗೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಶೀರ್ಷಾಸನ ಕಲಿಸಿದ ಕಥೆಯನ್ನು ಜನ ಪವಾಡವೆಂಬಂತೆ ಹೇಳುತ್ತಾರೆ. ಶಿಕ್ಷಕರು ಅದನ್ನು ಪವಾಡವೆಂದು ಕೇಳಬಾರದು. ಒಬ್ಬ ವೃದ್ಧೆಗೆ ಯಾವುದು ಸಾಧ್ಯವೆಂದು ನೋಡಿ ತಿಳಿದು, ತನ್ನ ಕೈಯ ಆಧಾರ ಕೊಟ್ಟು ನಿಂತದ್ದು ಅಲ್ಲಿಯ ಮುಖ್ಯ ವಿಷಯ. ಪ್ರತಿಯೊಬ್ಬ ವೃದ್ಧೆಗೂ ಅದು ತಕ್ಕದ್ದೆಂದು ಇದರ ಅರ್ಥವಾಗುವುದಿಲ್ಲ.

ಮಾಡೆಲ್ ಕಾಲೊನಿಯ ಸಂಸ್ಥೆ ಉದ್ಘಾಟನೆಯಾದದ್ದು 1975ರ ಜನವರಿ 19ರಂದು. ಅದರ ಭೂಮಿಪೂಜೆಯನ್ನು ನೆರವೇರಿಸಿದ ಪತ್ನಿ ರಮಾಮಣಿಯವರು ಕೆಲವೇ ದಿನಗಳಲ್ಲಿ, 1973ರ ಜನವರಿಯಲ್ಲಿಯೇ ತೀರಿಕೊಂಡಿದ್ದರು. ಸಂಸ್ಥೆಗೆ ಅವರ ಹೆಸರು ಬಂದದ್ದು ಹಾಗೆ. ಇಲ್ಲಿ ಬೆಳೆದ ಬೋಧನಾಕ್ರಮವನ್ನು ಗಮನಿಸಿದರೆ, ಕಲಿಸುವವರ ಮನೋಧರ್ಮ ಎಂಬುದು ಬರಿಯ ಉಪದೇಶದ ಮಾತಲ್ಲವೆಂದು ತಿಳಿಯುತ್ತದೆ. ಅದು ಬಟ್ಟೆಬರೆಗಳಲ್ಲಿ, ಕಂಬಳಿಗಳಲ್ಲಿ, ಎಡಬಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಅಭ್ಯಾಸಿಗಳು ತೊಡುವ ಗಿಡ್ಡ ಚಡ್ಡಿ ‘ಪುಣೆ ಚಡ್ಡಿ’ ಎಂದೇ ವಿದೇಶಗಳಲ್ಲಿ ಹೆಸರಾಗಿದೆ. ಮೊಣಕಾಲಿನ ಚಿಪ್ಪು ಬಿಗಿದಿದೆಯೇ ಸಡಿಲವಾಗಿದೆಯೇ ಎಂಬುದು ಶಿಕ್ಷಕರಿಗೆ ಕಾಣಬೇಕೆಂಬುದೇ ಆ ಉಡುಪಿನ ಉದ್ದೇಶ. ಪೈಜಾಮದೊಳಗೆ ಮುಚ್ಚಿಹೋದ ಮೊಣಕಾಲನ್ನು ಯಾವ ಗುರುವೂ ತಿದ್ದಲಾರ. ತರಗತಿಯ ಎದುರಿಗೆ ಮುಖಮಾಡಿ ನಿಂತು ಆಸನ ತೋರಿಸುವಾಗ, ಶಿಕ್ಷಕರು ‘ಬಲಗಾಲು’ ಎಂದು ಹೇಳುತ್ತಾ ತಮ್ಮ ಎಡಗಾಲನ್ನು ಚಾಚುತ್ತಾರೆ. ನೋಡುವವರಿಗೆ ಕನ್ನಡಿಯಂತೆ ಸರಿಹೊಂದಬೇಕಲ್ಲವೆ! ಇದನ್ನು ತಪ್ಪಿಲ್ಲದೆ ಮಾಡುವುದು ಎಷ್ಟು ಕಷ್ಟವೆಂಬುದನ್ನು ಸಂದೇಹವಿದ್ದವರು ಮನೆಯಲ್ಲಿ ಹತ್ತು ನಿಮಿಷ ಪ್ರಯತ್ನಿಸಿ ನೋಡಬಹುದು. ತನ್ನ ಎಡಬಲಗಳನ್ನು ಮರೆತು ಎದುರಿನವರ ಎಡಬಲಗಳಲ್ಲಿ ಯೋಚಿಸುವುದಕ್ಕೆ ಶಿಕ್ಷಕರಾಗಬಯಸುವವರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ.

ಸರ್ವಾಂಗಾಸನವನ್ನು ಬರಿಯ ನೆಲದ ಮೇಲೆ ಹಾಕಿದರೆ ಕುತ್ತಿಗೆ ತೀವ್ರವಾಗಿ ಬಾಗಿ ಶರೀರದ ಭಾರ ಅದರ ಮೇಲೆ ಬೀಳುತ್ತದೆ. ಭುಜಗಳ ಕೆಳಗೆ ಮಡಿಸಿದ ಕಂಬಳಿಗಳನ್ನಿಟ್ಟು, ತಲೆಯನ್ನು ಅದಕ್ಕಿಂತ ಕೆಳಮಟ್ಟದಲ್ಲಿ ನೆಲಕ್ಕೆ ತಾಗಿಸಿದರೆ ಕುತ್ತಿಗೆಗೆ ಅವಕಾಶ ಸಿಗುತ್ತದೆ. ತ್ರಿಕೋಣಾಸನದಲ್ಲಿ ಕೈ ನೆಲ ಮುಟ್ಟದಿದ್ದರೆ ಕೈಯ ಕೆಳಗೆ ಒಂದು ಇಟ್ಟಿಗೆ. ಹಲಾಸನದಲ್ಲಿ ಕಾಲು ನೆಲಕ್ಕೆ ಬಾರದಿದ್ದರೆ ಕಾಲಿನ ಕೆಳಗೆ ಕುರ್ಚಿ. ಬೀದಿಯಲ್ಲಿ ಬಿದ್ದ ಇಟ್ಟಿಗೆ ಕಲ್ಲುಗಳಿಂದ ಆರಂಭವಾದ ಈ ಪ್ರಯೋಗ ಮರದ ತುಂಡು, ಪಟ್ಟಿ, ದಿಂಬು, ಗೋಡೆಗೆ ಕಟ್ಟಿದ ಹಗ್ಗಗಳವರೆಗೆ ಬೆಳೆಯಿತು. ಇದು ಯೋಗವೇ ಅಲ್ಲ, ಪೀಠೋಪಕರಣದ ಅಂಗಡಿ ಎಂದು ಮೂಗು ಮುರಿದವರೂ ಉಂಟು. ಆದರೆ ‘ಇವರಿಗೆ ಈ ಆಸನ ಬರುವುದಿಲ್ಲ’ ಎಂದು ಹೇಳಿ ಮುಂದೆ ಹೋಗುವ ಬದಲು ‘ಇವರಿಗೆ ಏನನ್ನು ಕೊಟ್ಟರೆ ಬಂದೀತು’ ಎಂದು ಹುಡುಕಿದ ಮನಸ್ಸು ಅದರ ಹಿಂದಿದೆ. ಬಾರದಿರುವುದಕ್ಕೆ ಶಿಷ್ಯರನ್ನೇ ಹೊಣೆಮಾಡುವುದು ನಮ್ಮಲ್ಲಿ ಹಳೆಯ ಚಾಳಿ. ಶಾಲೆಗಳಲ್ಲಿಯೂ ಇದೇ ಕಥೆ.

ಇನ್ನು ಕೋಪದ ವಿಷಯ. ಅಯ್ಯಂಗಾರರು ಕಠಿಣರು. ಅವರ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಿಗೆ ‘ಹೊಡೆ, ಒದೆ, ಅರಚು’ ಎಂದು ವಿದೇಶೀ ಶಿಷ್ಯರು ತಮಾಷೆಯ ಅರ್ಥ ಕಟ್ಟಿದ್ದರು. ಭಕ್ತಿಯಿಂದ ಇದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಕಠಿಣ ಗುರುಗಳ ಕೈಯಲ್ಲಿ ಬೆಳೆದವರು ತಾವೂ ಕಠಿಣರಾಗುವುದು ಲೋಕರೂಢಿ. ಅವರ ಕೋಪದ ಹಿಂದೆ ಅಪಾರವಾದ ಅನುಭವದ ಕಣ್ಣಿತ್ತೆಂಬ ಸಮಾಧಾನ ಅನೇಕ ಶಿಷ್ಯರದು; ಅದು ನಿಜವಿರಬಹುದು. ಆದರೆ ಆ ಕಣ್ಣನ್ನು ಪಡೆಯಲು ದಶಕಗಳು ಬೇಕು, ಕೋಪವನ್ನು ಪಡೆಯಲು ಒಂದು ಗಳಿಗೆ ಸಾಕು. ಅನುಕರಿಸುವವರು ಸುಲಭವಾದುದನ್ನೇ ಆರಿಸಿಕೊಳ್ಳುತ್ತಾರೆ. ಮಕ್ಕಳ ಆಟದ ಬಯಲಿನಲ್ಲಿ ಸಿಳ್ಳೆ ಕಟ್ಟಿಕೊಂಡು ಗದರಿಸುವ ಎಷ್ಟೋ ತರುಣರು, ಗದರಿಕೆಯೇ ಶಿಸ್ತೆಂದು ನಂಬಿದ್ದಾರೆ. ಒಪ್ಪಿಗೆಯಿಲ್ಲದೆ ಮೈಮುಟ್ಟಿ ತಿದ್ದುವುದೂ ಇಂದಿನ ಕಾಲಕ್ಕೆ ಸಲ್ಲದು. ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು. ಈ ಒಂದು ವಿಷಯದಲ್ಲಿ ಶಿಷ್ಯಪರಂಪರೆ ಗುರುಗಳಿಗಿಂತ ಭಿನ್ನವಾಗಿ ನಡೆದರೆ ಅದು ದ್ರೋಹವಾಗುವುದಿಲ್ಲ.

ಅಯ್ಯಂಗಾರರು 1966ರಲ್ಲಿ ಬರೆದ ‘ಲೈಟ್ ಆನ್ ಯೋಗ’ ಗ್ರಂಥ ಪ್ರಸಿದ್ಧವಾದ ಬಳಿಕ, 1970ರ ಸುಮಾರಿಗೆ ಲಂಡನ್ನಿನ ಶಿಕ್ಷಣ ಮಂಡಲಿ ವಯಸ್ಕರ ಶಿಕ್ಷಣದಲ್ಲಿ ಯೋಗವನ್ನು ಸೇರಿಸಿಕೊಂಡಿತು. ಕಲಿಸುವವರಿಗೆ ಇವರ ಅನುಮತಿ ಇರಬೇಕೆಂಬುದು ಷರತ್ತು. ಹೀಗೆ ಶಿಕ್ಷಕರನ್ನು ತಯಾರಿಸುವುದೇ ಒಂದು ಪ್ರತ್ಯೇಕ ಕಾರ್ಯವಾಯಿತು. ಈ ಪದ್ಧತಿಯಲ್ಲಿ ಮೊದಲು ವರ್ಷಗಟ್ಟಲೆ ವಿದ್ಯಾರ್ಥಿಯಾಗಿರಬೇಕು. ಅನಂತರ ಹಿರಿಯ ಶಿಕ್ಷಕರೊಬ್ಬರ ಕೈಕೆಳಗೆ ವರ್ಷಗಟ್ಟಲೆ ಇದ್ದು, ಅವರು ಕಲಿಸುವುದನ್ನು ನೋಡುತ್ತಾ ನೆರವಾಗಬೇಕು. ಕೊನೆಗೆ ಪರೀಕ್ಷಕರ ಮುಂದೆ ಸ್ವಂತ ಅಭ್ಯಾಸವನ್ನೂ ತೋರಿಸಿ, ಅಪರಿಚಿತ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳಬೇಕು. ಅದೂ ಮೊದಲ ಮೆಟ್ಟಿಲಿಗೆ ಮಾತ್ರ. ಮೇಲಿನ ಮೆಟ್ಟಿಲುಗಳಿಗೆ ಮತ್ತೆ ಪರೀಕ್ಷೆ. ಇದಕ್ಕೆ ಹೋಲಿಸಿದರೆ, ಜಗತ್ತಿನಾದ್ಯಂತ ಇಂದು ಚಾಲ್ತಿಯಲ್ಲಿರುವ 200 ಗಂಟೆಗಳ ಶಿಕ್ಷಕ ತರಬೇತಿಯನ್ನು ಒಂದು ತಿಂಗಳಿನಲ್ಲಿ ಮುಗಿಸಿ ಬಂದವರ ಕೈಯಲ್ಲಿ ಏನಿರುತ್ತದೆ? ಒಂದು ಪ್ರಮಾಣಪತ್ರ, ಮತ್ತು ಉತ್ಸಾಹ. ಉತ್ಸಾಹವನ್ನು ಹೀಗಳೆಯಬೇಕಾಗಿಲ್ಲ, ನಿವೃತ್ತಿಯ ಬಳಿಕ ಸಮಾಜಸೇವೆಗೆಂದು ಕಲಿಸಲು ಮುಂದೆ ಬರುವ ಸದಸ್ಯರ ಸದುದ್ದೇಶದಲ್ಲಿಯೂ ಸಂದೇಹವಿಲ್ಲ. ಆದರೆ ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆಂದು ನೇತ್ರವೈದ್ಯರು ಅಳೆದು ತೋರಿಸಿದ್ದಾರೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಗ್ಲಾಕೋಮಾ ಇದೆಯೇ, ರಕ್ತದೊತ್ತಡವಿದೆಯೇ ಎಂದು ಕೇಳಬೇಕೆಂಬುದು ಸದುದ್ದೇಶದಿಂದ ತಾನಾಗಿ ಹೊಳೆಯುವುದಿಲ್ಲ. ಅದನ್ನು ಯಾರಾದರೂ ಕಲಿಸಿರಬೇಕು.

ಆಟದ ಬಯಲಿನಿಂದಲೂ ಒಂದು ಮಾತು. 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ಕೋಚ್ ಬೆಂಗಳೂರಿನ ರಾಹುಲ್ ದ್ರಾವಿಡ್. ಕ್ರಿಕೆಟ್ ಮಂಡಲಿ ಅವರಿಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿದಾಗ, ಈ ಅಂತರ ಸರಿಯಲ್ಲವೆಂದು ಅವರು ಹೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವೆಂದು ತೀರ್ಮಾನವಾಯಿತು. ಬ್ಯಾಟು ಹಿಡಿದ ಕಾಲದಲ್ಲಿ ಗೋಡೆಯೆಂದು ಕರೆಸಿಕೊಂಡವರು ಕೋಚ್ ಆದ ಮೇಲೆ ತಮ್ಮ ಹೆಸರನ್ನು ಹಿಂದಕ್ಕೆ ಸರಿಸಿಕೊಂಡ ರೀತಿ ಇದು.

ಹಿಂದಕ್ಕೆ ಸರಿಯುವುದೆಂದರೆ ತನ್ನ ಅಭ್ಯಾಸವನ್ನು ಬಿಡುವುದೆಂದು ಮಾತ್ರ ಯಾರೂ ತಿಳಿಯಬಾರದು. 1979ರಲ್ಲಿ ಸ್ಕೂಟರ್ ಅಪಘಾತಗಳಿಂದ ಅಯ್ಯಂಗಾರರ ಬೆನ್ನೆಲುಬು, ಭುಜ, ಮೊಣಕಾಲುಗಳಿಗೆ ಪೆಟ್ಟಾಯಿತು. ವಯಸ್ಸು ಅರವತ್ತು ದಾಟಿತ್ತು. ಲೋಕಕ್ಕೆಲ್ಲ ಆಸನ ಕಲಿಸಿದವರು ಮೊದಲ ದಿನದ ವಿದ್ಯಾರ್ಥಿಯಂತೆ ಆಧಾರಗಳನ್ನಿಟ್ಟುಕೊಂಡು ಪುನಃ ಆರಂಭಿಸಬೇಕಾಯಿತು. ಹಿಂದಿನ ಸ್ಥಿತಿಗೆ ಹತ್ತಿರ ಬರಲು ಹಲವು ವರ್ಷ ಹಿಡಿಯಿತು. ಇತರರಿಗಾಗಿ ತಾವೇ ಕಂಡುಹಿಡಿದ ಕಂಬಳಿ ಕುರ್ಚಿಗಳು ಈಗ ಅವರಿಗೇ ಒದಗಿದವು. 1984ರಲ್ಲಿ ನಿತ್ಯದ ತರಗತಿಗಳಿಂದ ನಿವೃತ್ತರಾದರೂ ರೋಗಿಗಳ ತರಗತಿಯನ್ನು ಬಿಡಲಿಲ್ಲ. ತೊಂಬತ್ತರ ಆಸುಪಾಸಿನಲ್ಲಿಯೂ ಬೆಳಿಗ್ಗೆ ಸಭಾಂಗಣಕ್ಕೆ ಬಂದು, ಇತರ ಅಭ್ಯಾಸಿಗಳ ನಡುವೆಯೇ ತಮ್ಮ ಅಭ್ಯಾಸ ನಡೆಸುತ್ತಿದ್ದರು.

ಸಂಘದವರು ಇಂತಹವರನ್ನೇ ಹುಡುಕಿ ತರಬೇಕೆಂದು ಯಾರೂ ಹೇಳುವುದಿಲ್ಲ, ಸಿಗುವವರೂ ಅಲ್ಲ. ಆದರೆ ಸಭಾಂಗಣದ ಬೀಗದಕೈ ಕೊಡುವ ಮುನ್ನ ಕಾರ್ಯಕಾರೀ ಸಮಿತಿ ಕೆಲವು ಸರಳ ಸಂಗತಿಗಳನ್ನು ಕೇಳಬಹುದು. ಯಾರ ಬಳಿ ಕಲಿತಿರಿ, ಎಷ್ಟು ವರ್ಷ? ಈಗಲೂ ಯಾರ ಬಳಿಯಾದರೂ ಕಲಿಯುತ್ತಿದ್ದೀರಾ? ಮೊದಲ ದಿನ ಸದಸ್ಯರ ಕಾಯಿಲೆಗಳನ್ನು ಬರೆದುಕೊಳ್ಳುತ್ತೀರಾ? ಮೂರನೆಯ ಪ್ರಶ್ನೆಗೆ ‘ಯೋಗದಿಂದ ಎಲ್ಲ ಕಾಯಿಲೆಯೂ ಹೋಗುತ್ತದೆ’ ಎಂಬ ಉತ್ತರ ಬಂದರೆ, ನಮಸ್ಕಾರ ಹೇಳಿ ಕಳುಹಿಸಿಕೊಡುವುದು ಲೇಸು. ತನ್ನ ವಿದ್ಯೆ ಎಲ್ಲಿ ಮುಗಿದು ವೈದ್ಯರ ವಿದ್ಯೆ ಎಲ್ಲಿ ಆರಂಭವಾಗುತ್ತದೆಂಬುದನ್ನು ತಿಳಿಯದವರ ಕೈಗೆ ಹೃದ್ರೋಗಿಗಳನ್ನೂ ಬೆನ್ನುನೋವಿನವರನ್ನೂ ಒಪ್ಪಿಸಲಾಗದು. ಒಂದು ದಿನ ಸುಮ್ಮನೆ ಹಿಂದೆ ಕುಳಿತು ವರ್ಗವನ್ನು ನೋಡುವುದೂ ಉಚಿತ. ಶಿಕ್ಷಕರ ದೃಷ್ಟಿ ಹೆಚ್ಚು ಹೊತ್ತು ಎಲ್ಲಿರುತ್ತದೆ? ಮುಂದಿನ ಸಾಲಿನ ಚುರುಕಾದ ತರುಣಿಯ ಮೇಲೋ, ಹಿಂದಿನ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕಷ್ಟಪಡುತ್ತಿರುವ ನಿವೃತ್ತ ಗುಮಾಸ್ತರ ಮೇಲೋ? ಇಷ್ಟು ಕಂಡರೆ ಪ್ರಮಾಣಪತ್ರವನ್ನು ಓದುವ ಅಗತ್ಯವೂ ಬೀಳದು.

ಕೊನೆಯದು ಸಂಭಾವನೆಯ ಮಾತು. ನಮ್ಮ ಸಂಘಗಳಲ್ಲಿ ಇದನ್ನು ಎತ್ತಿದರೆ ಸಂಕೋಚದ ಮೌನ ಆವರಿಸುತ್ತದೆ. ನಾಟಕಕ್ಕೆ ಬಣ್ಣದವರಿಗೂ ಊಟಕ್ಕೆ ಬಾಣಸಿಗರಿಗೂ ಹಣ ಕೊಡುವವರು, ಯೋಗದ ಶಿಕ್ಷಕರಿಗೆ ಒಂದು ಶಾಲು, ಒಂದು ತೆಂಗಿನಕಾಯಿ ಸಾಕೆಂದು ಭಾವಿಸುತ್ತಾರೆ. ವಿದ್ಯೆಯನ್ನು ಮಾರಬಾರದೆಂಬ ಸುಭಾಷಿತ ಆಗ ಎಲ್ಲರ ನೆನಪಿಗೂ ಬರುತ್ತದೆ. ಆದರೆ ಪ್ರತಿವರ್ಷ ತನ್ನ ಹಿರಿಯರ ಬಳಿ ಹೋಗಿ ಕಲಿತು ಬರಲು ಆ ಶಿಕ್ಷಕರಿಗೆ ಖರ್ಚಿದೆ. ಸಂಜೆ ಎರಡು ಗಂಟೆ ಕಲಿಸಬೇಕಾದರೆ ಬೆಳಿಗ್ಗೆ ಎರಡು ಗಂಟೆ ತನ್ನ ಅಭ್ಯಾಸಕ್ಕೆ ಬಿಡುವು ಬೇಕು. ಮೊದಮೊದಲು ಅಯ್ಯಂಗಾರರು ಸೈಕಲ್ಲಿನಲ್ಲಿ ಪುಣೆಯ ಮನೆಮನೆಗೆ ಹೋಗಿ ಪಾಠ ಹೇಳಿದಾಗ, ಹೊಟ್ಟೆ ತುಂಬ ಊಟ ಸಿಗದ ದಿನಗಳೂ ಇದ್ದವು. ಮುಂದಿನ ವರ್ಷದ ಆಯವ್ಯಯ ಪತ್ರಿಕೆಯಲ್ಲಿ ಶಾಮಿಯಾನಾ, ಧ್ವನಿವರ್ಧಕಗಳ ಬಾಬ್ತಿನ ಪಕ್ಕದಲ್ಲಿ ಶಿಕ್ಷಕರ ಸಂಭಾವನೆಗೆಂದು ಒಂದು ಸಾಲನ್ನು ಸೇರಿಸುವ ವಿಚಾರವನ್ನು ಸರ್ವಸಾಧಾರಣ ಸಭೆಯ ಮುಂದಿಡಲು ಕಾರ್ಯದರ್ಶಿಗಳಿಗೆ ಯಾವ ಅಡ್ಡಿಯೂ ಇರಲಾರದು.